ಪದರ ಬಿಟ್ಟುಕೊಂಡರೇನೇ ಗುಂಡು ನಿಲ್ಲುವುದು

ಎಲ್ಲರಿಗೂ ನಮಸ್ಕಾರ.

ಗುಂಡು ತಡೆಯುವ ಕವಚಗಳಿಗೆ ಕೆವ್ಲಾರ್ ಎಂಬ ಗಟ್ಟಿ ನಾರನ್ನು ಬಳಸುತ್ತಾರೆ. ಗುಂಡು ಬಿದ್ದ ಅಂಥ ಒಂದು ಕೆವ್ಲಾರ್ ಹಲಗೆಯನ್ನು ಹತ್ತಿರದಿಂದ ನೋಡೋಣ. ಮುಂದೆ ಬೆರಳ ತುದಿಯಷ್ಟು ತೂತು. ಅಲ್ಲಿನ ನಾರು ಕತ್ತರಿ ಆಡಿಸಿದ ಹಾಗೆ ತುಂಡಾಗಿದೆ. ಹಿಂದೆ ತಿರುಗಿಸಿದರೆ ದೊಡ್ಡ ಉಬ್ಬು. ಅಲ್ಲಿ ನಾರು ತುಂಡಾಗಿಲ್ಲ, ಜಗ್ಗಿಕೊಂಡಿದೆ. ಅಂಚಿನಿಂದ ನೋಡಿದರೆ, ನೆಂದು ಒಣಗಿದ ಪುಸ್ತಕದ ಹಾಳೆಗಳಂತೆ ಪದರಗಳು ಬಿಟ್ಟುಕೊಂಡಿವೆ. "ಅಯ್ಯೋ, ಹಾಳಾಯ್ತಲ್ಲ" ಅನ್ನಿಸುತ್ತದೆ, ಅಲ್ವಾ? ಆದರೆ ಹಾಗೆ ಬಿಟ್ಟುಕೊಂಡಿದ್ದರಿಂದಲೇ ಆ ಗುಂಡು ನಿಂತಿದ್ದು.

9 ಮಿಲಿಮೀಟರ್ ಪಿಸ್ತೂಲಿನ ಗುಂಡಿನ ತೂಕ ಸುಮಾರು 8 ಗ್ರಾಂ. ವೇಗ ಸೆಕೆಂಡಿಗೆ 400 ಮೀಟರಿನ ಆಸುಪಾಸು. ಅದರ ಶಕ್ತಿ 600 ಜೂಲಿಗೂ ಜಾಸ್ತಿ. ಇಷ್ಟನ್ನೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಎಲ್ಲಾದರೂ ಹಂಚಬೇಕು. ಆ ಕೆಲಸ ನಾರಿನದು. ಏಟು ಬಿದ್ದ ಕೂಡಲೇ ಎಳೆತದ ಅಲೆಯೊಂದು ಕೆವ್ಲಾರ್ ನಾರಿನ ಉದ್ದಕ್ಕೂ ಸೆಕೆಂಡಿಗೆ ಸುಮಾರು 7 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅಲೆ ಎಷ್ಟು ದೂರ ಹೋದರೆ ಅಷ್ಟು ನಾರು ಹೊರೆಗೆ ಹೆಗಲು ಕೊಡುತ್ತದೆ.

ಈ ನಾರು ಸಿಕ್ಕಿದ್ದು 1965ರಲ್ಲಿ. ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಟೈರಿಗೆ ಬೇಕಾದ ಗಟ್ಟಿ, ಹಗುರ ನಾರು ಹುಡುಕುತ್ತಿದ್ದರು. ಅವರ ದ್ರಾವಣ ಮಬ್ಬಾಗಿ, ನೀರಿನ ಹಾಗೆ ತೆಳ್ಳಗಿತ್ತು. ಯಂತ್ರದ ಸಣ್ಣ ತೂತುಗಳು ಕಟ್ಟಿಕೊಳ್ಳುತ್ತವೆ ಎಂದು ನೂಲುವ ಯಂತ್ರ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ಅದನ್ನು ನೂಲಲು ಮೊದಲು ಒಪ್ಪಲೇ ಇಲ್ಲ. ಕ್ವೊಲೆಕ್ ಪಟ್ಟು ಬಿಡಲಿಲ್ಲ. ಆ ಹಟಕ್ಕೆ ಎಷ್ಟು ಜೀವಗಳು ಋಣಿಯಾಗಿವೆಯೋ!

ಈಗ ಅಂಟಿನ ವಿಷಯಕ್ಕೆ ಬರೋಣ. ವಿಮಾನದ ರೆಕ್ಕೆಯಲ್ಲಿ ನಾರನ್ನು ರಾಳ ಎಂಬ ಅಂಟು ಬಿಗಿಯಾಗಿ ಹಿಡಿದಿರಬೇಕು. ಕವಚದಲ್ಲಿ ಹಾಗಲ್ಲ. ಬಿಗಿ ಜಾಸ್ತಿಯಾದರೆ ನಾರಿಗೆ ಜಗ್ಗಲು ಜಾಗವೇ ಇರುವುದಿಲ್ಲ, ಗುಂಡು ಸಲೀಸಾಗಿ ಕತ್ತರಿಸಿಕೊಂಡು ಹೋಗುತ್ತದೆ. ಅದಕ್ಕೇ ಇಲ್ಲಿ ರಾಳ ಕಡಿಮೆ, ಹಿಡಿತವೂ ಸ್ವಲ್ಪ ಸಡಿಲ. ಪದರ ಬಿಟ್ಟುಕೊಳ್ಳುವಾಗಲೂ ಶಕ್ತಿ ಖರ್ಚಾಗುತ್ತದೆ. ಬಿಟ್ಟುಕೊಂಡ ಪದರ ಬಲೆಯ ಹಾಗೆ ಜೋಲಿ ಗುಂಡನ್ನು ಹಿಡಿಯುತ್ತದೆ. ವೇಗವಾಗಿ ಬಂದ ಚೆಂಡನ್ನು ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಹಾಗೆ.

ಹಾಗಂತ ಎಷ್ಟು ಬೇಕಾದರೂ ಉಬ್ಬುವಂತಿಲ್ಲ. ಹಿಂದೆ ಇರುವುದು ಎದೆ, ಪಕ್ಕೆಲುಬು. ಅಮೆರಿಕದ ಮಾನದಂಡದ ಪ್ರಕಾರ, ಹಿಂದೆ ಇಟ್ಟ ಜೇಡಿಯಲ್ಲಿ ಬೀಳುವ ಕುಳಿಯ ಆಳದ ಮಿತಿ 44 ಮಿಲಿಮೀಟರ್. ನನ್ನ ಮಟ್ಟಿಗೆ ಅದೂ ಜಾಸ್ತಿಯೇ.

ರೈಫಲ್ ಗುಂಡಿಗೆ ಕೆವ್ಲಾರ್ ಜಾಕೆಟ್ಟೊಂದೇ ಸಾಲುವುದಿಲ್ಲ. ಉಕ್ಕಿನ ತಿರುಳಿದ್ದರಂತೂ ಮುಂದೆ ಬೋರಾನ್ ಕಾರ್ಬೈಡಿನಂಥ ಬಲು ಗಡುಸಾದ ಸೆರಾಮಿಕ್ ಬೇಕು. ಅದು ತಾನು ಪುಡಿಯಾಗುತ್ತಾ ಗುಂಡಿನ ಮೊನೆಯನ್ನು ಸವೆಸುತ್ತದೆ. ಉಳಿದ ಚೂರುಗಳನ್ನು ಹಿಂದಿನ ನಾರು ಹಿಡಿಯುತ್ತದೆ.

ಕೊನೆಗೆ ಒಂದು ನೋವಿನ ಸಂಗತಿ. ಜೈಲಾನ್ ಎಂಬ ನಾರು ಕೆವ್ಲಾರಿಗಿಂತಲೂ ಗಟ್ಟಿ. 2003ರಲ್ಲಿ ಅಮೆರಿಕದಲ್ಲಿ ಪೊಲೀಸ್ ಅಧಿಕಾರಿಯೊಬ್ಬರ ಜೈಲಾನ್ ಜಾಕೆಟ್ಟನ್ನು ಗುಂಡು ತೂರಿತು. ಈ ನಾರು ತೇವಕ್ಕೆ ಒಳಗೊಳಗೇ ಸೊರಗುತ್ತದೆ ಎಂದು ಪರೀಕ್ಷೆಗಳು ತೋರಿಸಿದವು. ಜಾಕೆಟ್ ಅಂದಮೇಲೆ ದಿನವೂ ಬೆವರಿಗೆ ಒಡ್ಡಿಕೊಳ್ಳುವ ವಸ್ತು. 2008ರ ಮಾನದಂಡದಲ್ಲಿ ಹೊಸ ಪರೀಕ್ಷೆ ಸೇರಿತು: ಜಾಕೆಟ್ಟಿನ ಪದರಗಳನ್ನು 65 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಶೇಕಡಾ 80ರಷ್ಟು ತೇವದಲ್ಲಿ, 10 ದಿನ ಪೀಪಾಯಿಯಲ್ಲಿ ಉರುಳಿಸುತ್ತಾರೆ. ಆಮೇಲೆ ಅವಕ್ಕೆ ಗುಂಡು ಹೊಡೆಯುತ್ತಾರೆ.