ನಾನು ಏಷ್ಯಾದಲ್ಲಿ, ಇವರು ಯುರೋಪಿನಲ್ಲಿ

ಎಲ್ಲರಿಗೂ ನಮಸ್ಕಾರ. ಹಳಿ ರಿಪೇರಿಗೆ ಲೋಕಲ್ ರೈಲು ಕಮ್ಮಿ ಮಾಡುವ ಮೆಗಾ ಬ್ಲಾಕ್ ಇರುವ ಭಾನುವಾರವೂ ಡೊಂಬಿವಲಿ, ಕಲ್ಯಾಣ ಅಂತ ಎಲ್ಲೆಲ್ಲಿಂದಲೋ ಮುಂಬಯಿಯ ಈ ಮಾಟುಂಗಕ್ಕೆ ಬಂದಿದ್ದೀರಿ. ನಿಮಗೆ ಇನ್ನೊಂದು ನಮಸ್ಕಾರ. ಕಾರ್ಯದರ್ಶಿಗಳು ನಲವತ್ತು ನಿಮಿಷ ಅಂದಿದ್ದರು. ಈಗ ಇಪ್ಪತ್ತೈದು ಅನ್ನುತ್ತಿದ್ದಾರೆ. ನೋಡೋಣ.

ಹೋದ ತಿಂಗಳು ಇಲ್ಲೇ ಒಬ್ಬರು ಯುರೋಪ್ ಟೂರಿನ ಫೋಟೋ ತೋರಿಸಿದರು. ಹತ್ತು ದಿನ, ಏಳು ದೇಶ, ದಿನಾ ರಾತ್ರಿ ಅನ್ನ-ದಾಲ್. ಎಲ್ಲ ಫೋಟೋದಲ್ಲೂ ಹಿಂದೆ ಅದೇ ಬಸ್ಸು. ನನಗೆ ಹೊಟ್ಟೆಕಿಚ್ಚು ಆಗಲಿಲ್ಲ, ಸಿಟ್ಟು ಬಂತು. ಮೂವತ್ತು ವರ್ಷ ಫಾಸ್ಟ್ ಲೋಕಲ್‌ನಲ್ಲಿ ಒಂಟಿ ಕಾಲಲ್ಲಿ ನಿಂತು ಬಂದವರು ನಾವು. ನಮಗೆ ಕೊಡೆ ಎತ್ತಿ ಹಿಡಿದು ದಾರಿ ತೋರಿಸುವವನು ಬೇಕಾ?

ಅದಕ್ಕೇ ನಮ್ಮ ಯಜಮಾನರು ರಿಟೈರ್ ಆದ ಮೇಲೆ ನಾವಿಬ್ಬರೂ ಬೆನ್ನಿಗೊಂದು ಚೀಲ ಹಾಕಿಕೊಂಡು ತುರ್ಕಿಯ ಇಸ್ತಾಂಬುಲ್‌ಗೆ ಹೋದೆವು. ಹನ್ನೊಂದು ದಿನ. ಚೀಲ ತಲೆಗೆ ಏಳು ಕಿಲೋ. ನನ್ನ ಏಳರಲ್ಲಿ ಒಂದು ಕಿಲೋ ಚಟ್ನಿಪುಡಿ, ಅದು ಬೇರೆ ಮಾತು. ಇವರು ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ತಪ್ಪು ಹೇಳಿದರೆ ತಿದ್ದುತ್ತಾರೆ. ತಪ್ಪು ಹೇಳದಿದ್ದರೂ ತಿದ್ದುತ್ತಾರೆ.

ಆ ಊರಿನ ನಡುವೆ ಬಾಸ್ಫರಸ್ ಅಂತ ಸಮುದ್ರದ ಒಂದು ಪಟ್ಟಿ ಇದೆ. ಈ ದಡ ಯುರೋಪ್, ಆ ದಡ ಏಷ್ಯಾ. ಎಷ್ಟೋ ಜನ ಏಷ್ಯಾದಲ್ಲಿ ಮಲಗಿ ಯುರೋಪಿನಲ್ಲಿ ಕೆಲಸ ಮಾಡುತ್ತಾರೆ, ನಾವು ಡೊಂಬಿವಲಿಯಲ್ಲಿ ಮಲಗಿ ಫೋರ್ಟಿನಲ್ಲಿ ಕೆಲಸ ಮಾಡಿದ ಹಾಗೆ. ನಮ್ಮ ರೂಮು ಆ ದಡದ ಕಾದಿಕೊಯ್‌ನಲ್ಲಿ. ಈ ದಡದ ಎಮಿನೊನುವಿನಿಂದ ಫೆರಿಯಲ್ಲಿ ಇಪ್ಪತ್ತು ನಿಮಿಷ.

ಬಸ್ಸು, ಟ್ರಾಮು, ಫೆರಿ ಎಲ್ಲಕ್ಕೂ ಒಂದೇ ಕಾರ್ಡು. ಒಂದೇ ಕಾರ್ಡಿನಲ್ಲಿ ಇಬ್ಬರೂ ಹೋಗಬಹುದು. ಎರಡನೇ ದಿನ ಸಂಜೆ ನಾನು ಗೇಟಿಗೆ ಕಾರ್ಡು ಮುಟ್ಟಿಸಿ ಒಳಗೆ ಹೋದೆ, ಕಾರ್ಡನ್ನು ಹಿಂದೆ ಇವರ ಕೈಗೆ ಕೊಟ್ಟೆ, ತಿರುಗಿ ನೋಡದೆ ನಡೆದೆ. ಯಾಕೆ ನೋಡಲಿಲ್ಲ? ಅಭ್ಯಾಸ. ಮೂವತ್ತು ವರ್ಷ ನಾನು ಲೇಡೀಸ್ ಡಬ್ಬಾ, ಇವರು ಜೆಂಟ್ಸ್. ಹತ್ತುವಾಗ ಯಾರು ಯಾರನ್ನು ನೋಡುತ್ತಾರೆ? ಇಳಿದ ಮೇಲೆ ಬ್ರಿಜ್ ಕೆಳಗೆ ಸಿಗುವುದು, ಅಷ್ಟೇ ಸಂಸಾರ. ಅಲ್ವಾ?

ಫೆರಿ ಹೊರಟಿತು. ಸಣ್ಣ ಸೊಂಟದ ಗಾಜಿನ ಲೋಟದಲ್ಲಿ ಟೀ ಬಂತು, ಹಾಲಿಲ್ಲದ್ದು. ಪಕ್ಕದಲ್ಲೇ ಕಡಲಹಕ್ಕಿಗಳು. ಜನ ಅವಕ್ಕೆ ಸಿಮಿತ್ ಮುರಿದು ಎಸೆಯುತ್ತಿದ್ದರು. ಸಿಮಿತ್ ಅಂದರೆ ಎಳ್ಳು ಮೆತ್ತಿದ ಬಳೆಯಂಥ ಬ್ರೆಡ್ಡು, ನಮ್ಮ ಕೋಡುಬಳೆಗೆ ದೊಡ್ಡಣ್ಣ. ಎಷ್ಟು ಹಾಯಾಗಿತ್ತು ಅಂದರೆ, ಅರ್ಧ ದಾರಿಯವರೆಗೆ ನನಗೆ ಗಂಡನ ನೆನಪೇ ಆಗಲಿಲ್ಲ. ಇದನ್ನು ಇವರು ಈಗಲೇ ಮೊದಲು ಕೇಳುತ್ತಿರುವುದು.

ಇತ್ತ ಕಾರ್ಡಿನಲ್ಲಿ ದುಡ್ಡು ಮುಗಿದು ಇವರು ಗೇಟಿನ ಆಚೆಯೇ ಉಳಿದಿದ್ದರು. ಜೇಬಿನಲ್ಲಿ ಇದ್ದದ್ದು 200 ಲಿರಾದ ಒಂದೇ ನೋಟು. ಅದನ್ನು ಯಂತ್ರಕ್ಕೆ ಹಾಕಿ ಚಿಲ್ಲರೆಗೆ ಕೈ ಒಡ್ಡಿ ನಿಂತರಂತೆ. ಆ ಯಂತ್ರ ಚಿಲ್ಲರೆ ಕೊಡುವುದಿಲ್ಲ, ಹಾಕಿದ್ದಷ್ಟನ್ನೂ ಕಾರ್ಡಿಗೇ ತುಂಬುತ್ತದೆ. ಆಮೇಲೆ ಗಡಿಬಿಡಿಯಲ್ಲಿ ಎದುರಿಗೆ ನಿಂತಿದ್ದ ಫೆರಿ ಹತ್ತಿದರು. ಅದು ಏಷ್ಯಾ ದಡದ್ದೇ ಇನ್ನೊಂದು ಕಟ್ಟೆ, ಉಸ್ಕುದಾರ್‌ಗೆ ಹೋಗುವುದು! ಕುರ್ಲಾದಲ್ಲಿ ಮೇನ್ ಲೈನ್ ಬಿಟ್ಟು ಹಾರ್ಬರ್ ಹತ್ತಿದ ಹಾಗೆ.

ನಾನು ಕಾದಿಕೊಯ್‌ನಲ್ಲಿ ಇಳಿದೆ. ಒಂದು ಫೆರಿ ಬಂತು, ಇವರಿಲ್ಲ. ಇನ್ನೊಂದು ಬಂತು, ಇವರಿಲ್ಲ. ನನ್ನ ಫೋನು ರೂಮಿನಲ್ಲಿ ಚಾರ್ಜಿಗಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ಮುಖ ನೋಡಿ 'ಜೆಪ್? ಜೆಪ್?' ಅಂದರು. ನನಗೆ ಕೇಳಿಸಿದ್ದು ಜೇಬು. ಮುಂಬಯಿಯವಳಿಗೆ ಜೇಬು ಅಂದರೆ ಇನ್ನೇನು ಹೊಳೆಯುತ್ತದೆ? 'ಅಯ್ಯೋ ಪಾಕೆಟ್ ಹೊಡೆದ್ರು' ಅಂತ ಪರ್ಸನ್ನು ಎದೆಗೊತ್ತಿ ಎದ್ದು ನಿಂತೆ. ಅಜ್ಜಿ ಹೆದರಿ ತಮ್ಮ ಪರ್ಸನ್ನೂ ಎದೆಗೊತ್ತಿಕೊಂಡರು. ಆಮೇಲೆ ಗೊತ್ತಾಯಿತು, ತುರ್ಕಿಯಲ್ಲಿ ಮೊಬೈಲ್‌ಗೆ 'ಜೆಪ್ ಟೆಲಿಫೋನು' ಅನ್ನುತ್ತಾರೆ. ಜೇಬಿನ ಫೋನು. ಪಾಪ, ಗಂಡನಿಗೆ ಫೋನ್ ಮಾಡು ಅಂತ ತಮ್ಮ ಫೋನನ್ನೇ ಕೊಡಲು ಬಂದಿದ್ದರು. ಕೊಟ್ಟರೂ ಏನು ಪ್ರಯೋಜನ? ಇವರ ಅಲ್ಲಿಯ ಹೊಸ ನಂಬರು ನನಗೆ ಬಾಯಿಪಾಠ ಇರಲಿಲ್ಲ.

ಜೇಬು, ಸಾಬೂನು, ಹವಾ, ಮೈದಾನ, ದುನಿಯಾ, ಎಲ್ಲವೂ ಚೂರುಪಾರು ಬದಲಾಗಿ ಅವರ ಬಾಯಲ್ಲೂ ಇವೆ. ಇದರ ಮೇಲೇ ಹತ್ತು ನಿಮಿಷ ಮಾತಾಡಬೇಕು ಅಂತಿದ್ದೆ. ಬಿಡಿ.

ಉಸ್ಕುದಾರ್‌ನಿಂದ ಇವರು ದೋಲ್ಮುಷ್ ಹಿಡಿದರು. ದೋಲ್ಮುಷ್ ಅಂದರೆ ತುಂಬಿದ್ದು ಎಂದು ಅರ್ಥ. ಸೀಟು ತುಂಬಿದ ಮೇಲೇ ಹೊರಡುವ ಗಾಡಿ. ನಮ್ಮ ಶೇರ್ ರಿಕ್ಷಾ! ದುಡ್ಡು ಕೈಯಿಂದ ಕೈಗೆ ಮುಂದೆ ಡ್ರೈವರ್‌ಗೆ ಹೋಗುತ್ತದೆ. ಅಲ್ಲಿ ಆ ಕಾರ್ಡು ನಡೆಯಲಿಲ್ಲ. ಕಾರ್ಡಿನ ತುಂಬ ದುಡ್ಡು, ಜೇಬಿನಲ್ಲಿ ಸೊನ್ನೆ. ಹಿಂದೆ ಕೂತಿದ್ದ ಕಾಲೇಜು ಹುಡುಗನೊಬ್ಬ ಇವರದ್ದನ್ನೂ ಕೊಟ್ಟ. ಎಷ್ಟು ಕೇಳಿದರೂ ವಾಪಸ್ ತೆಗೆದುಕೊಳ್ಳಲಿಲ್ಲ ಅಂತ ಇವರು ಹೇಳುತ್ತಾರೆ. ಕೊಡಲು ಇವರ ಹತ್ತಿರ ಏನಿತ್ತು ಅಂತ ನಾನು ಕೇಳಿಲ್ಲ.

ಒಂದೂವರೆ ಗಂಟೆಯ ಮೇಲೆ ನಾನು ಇಳಿದ ಕಟ್ಟೆಗೇ ನೆಟ್ಟಗೆ ಬಂದರು. ತಪ್ಪಿಹೋದರೆ ಇಳಿದ ಜಾಗದಿಂದ ಅಲುಗಾಡಬಾರದು, ಇದು ನಮ್ಮ ಲೋಕಲ್ ಕಾಲದ ಕಾಯಿದೆ. 'ಏನ್ರೀ, ಇಷ್ಟು ಹೊತ್ತು?' ಅಂದೆ. 'ಸ್ಲೋ ಸಿಕ್ಕಿತು' ಅಂದರು. ಈಗ ಹೇಳಿ, ಕೊಡೆ ಹಿಡಿದವನ ಹಿಂದೆ ಹೋಗಿದ್ದರೆ ಇದೆಲ್ಲ ಸಿಗುತ್ತಿತ್ತಾ?

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಐದು ನಿಮಿಷವಂತೆ. ಸರಿ, ಓಡುತ್ತೇನೆ. ಹಾಸ್ಟೆಲು: ಒಂದು ರೂಮು, ಆರು ಹಾಸಿಗೆ, ಮೇಲೆ ಕೆಳಗೆ. ಉದ್ಯಾನ್ ಎಕ್ಸ್‌ಪ್ರೆಸ್‌ನ ಸ್ಲೀಪರ್ ಅಂದುಕೊಳ್ಳಿ, ನಿಂತ ರೈಲು. ಇವರ ಗೊರಕೆಗೆ ಮೂರನೇ ದಿನ ಇಬ್ಬರು ಹುಡುಗರು ರೂಮು ಬದಲಾಯಿಸಿದರು. ಸಸ್ಯಾಹಾರಿಗಳಿಗೆ ಕೆಂಪು ಬೇಳೆಯ ಸೂಪು ಎಲ್ಲೆಲ್ಲೂ ಸಿಗುತ್ತದೆ. ಆದರೂ ಮಾಂಸದ ಸಾರು ಹಾಕಿದ್ದೀರಾ ಅಂತ ಕೇಳಿಯೇ ಕುಡಿಯಿರಿ. ಆಯ್ರಾನ್ ಅಂದರೆ ಉಪ್ಪು ಹಾಕಿದ ಮಜ್ಜಿಗೆ, ಒಗ್ಗರಣೆ ಒಂದು ಕಮ್ಮಿ. ಹಾಗಿಯಾ ಸೋಫಿಯಾ 537ರಲ್ಲಿ ಚರ್ಚು, 1453ರಲ್ಲಿ ಮಸೀದಿ, ಆಮೇಲೆ ಮ್ಯೂಸಿಯಂ, 2020ರಿಂದ ಮತ್ತೆ ಮಸೀದಿ. ತಲೆಗೆ ದುಪಟ್ಟಾ ಮರೆಯಬೇಡಿ. ಅಲ್ಲಿಯ ತುನೆಲ್ ಅನ್ನುವ ಸುರಂಗ ರೈಲು 1875ರದು, ಅದರ ಬಗ್ಗೆ ಅವರಿಗೆ ಬಹಳ ಹೆಮ್ಮೆ. ನಮ್ಮ ಬೋರಿಬಂದರ್-ಠಾಣೆ ರೈಲು 1853ರದು. ನಾವೇ ಸೀನಿಯರ್! ಇಂಥವರಿಗೆ ಕೊಡೆಯವನು ಯಾಕೆ, ಹೇಳಿ.

ಖರ್ಚಿನ ಲೆಕ್ಕ ಆಚೆ ಟೀ ಕುಡಿಯುವಾಗ ಇವರನ್ನು ಕೇಳಿ, ಪೈಸೆ ಬಿಡದೆ ಹೇಳುತ್ತಾರೆ. ಆ ಕಾರ್ಡು ಇನ್ನೂ ಇವರ ಪರ್ಸಿನಲ್ಲೇ ಇದೆ. ಒಂದಿಷ್ಟು ಲಿರಾ ಅದರಲ್ಲಿ ಉಳಿದಿದೆ. ನಿಮ್ಮಲ್ಲಿ ಯಾರಾದರೂ ಹೊರಟರೆ ಕೊಡುತ್ತಾರಂತೆ. ನನ್ನ ಕೈಗೆ ಮಾತ್ರ ಇನ್ನು ಕೊಡುವುದಿಲ್ಲವಂತೆ.