ಗದ್ದ ತಿರುಗಿಸುವ ಕೈ

ಕೇಳುಗರಿಗೆ ನಮಸ್ಕಾರ.

ನಾನು ಸೀರೆ ಮಾಡೆಲ್. ಸಿನಿಮಾದವಳಲ್ಲ, ಫ್ಯಾಷನ್ ಶೋಗಳಲ್ಲಿ ನಡೆಯುವವಳೂ ಅಲ್ಲ. ಸೀರೆ ಡಬ್ಬದ ಮುಚ್ಚಳದ ಮೇಲೆ, ಇಲ್ಲವೇ ರಾತ್ರಿ ಊಟವಾದ ಮೇಲೆ ನೀವು ಮೊಬೈಲ್‌ನಲ್ಲಿ ಸೀರೆ ನೋಡುತ್ತಾ ಕೂತಾಗ, ಒಂದು ಮುಖ ಬಂದು ಹೋಗುತ್ತದಲ್ಲ, ಅದು ನನ್ನಂಥವರದು. ನೀವು ನೋಡುವುದು ಸೀರೆಯನ್ನು. ಮುಖ ನೆನಪಿರುವುದಿಲ್ಲ. ಇರಬಾರದು ಕೂಡ, ನೆನಪಿದ್ದರೆ ಅಂಗಡಿಯವರು ಮುಂದಿನ ಸಲ ಬೇರೆಯವಳನ್ನು ಕರೆಯುತ್ತಾರೆ.

ಬೆಂಗಳೂರಿನಲ್ಲಿ ಈ ಕೆಲಸ ಹಿಡಿದು 11 ವರ್ಷವಾಯಿತು. ಹಬ್ಬದ ಮುಂಚಿನ ದಿನಗಳಲ್ಲಿ ಬೆಳಗ್ಗೆಯಿಂದ ಸಂಜೆಯೊಳಗೆ 30 ಸೀರೆ ಉಟ್ಟು ಬಿಚ್ಚಿದ್ದೂ ಇದೆ. ನೆಂಟರ ಮನೆ ಮದುವೆಗೆ ಹೋದರೆ ಜನ ಎರಡು ಪ್ರಶ್ನೆ ಕೇಳುತ್ತಾರೆ. ಒಂದು, ದಿನಕ್ಕೆ ಎಷ್ಟು ಕೊಡ್ತಾರೆ? ಎರಡನೆಯದನ್ನು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ. ಫೋಟೋ ತೆಗೆಯೋರು ಗಂಡಸರಾ, ಹೆಂಗಸರಾ? ಮೊದಲನೆಯದಕ್ಕೆ ನಕ್ಕು ಸುಮ್ಮನಾಗುತ್ತೇನೆ. ಎರಡನೆಯದಕ್ಕೆ ಇವತ್ತು ಉತ್ತರ ಹೇಳೋಣ ಅಂತ ಬಂದಿದ್ದೇನೆ.

ನನ್ನ ಮೊದಲ ಶೂಟ್ ಒಂದು ಹಳೆಯ ಸ್ಟುಡಿಯೋದಲ್ಲಿ. ಫೋಟೋ ತೆಗೆಯುವವರು ಅಪ್ಪನ ವಯಸ್ಸಿನವರು. ಲೈಟ್ ಸರಿಮಾಡಿದರು, ನೇರ ನನ್ನ ಹತ್ತಿರ ಬಂದರು, ಎರಡು ಬೆರಳಲ್ಲಿ ಗದ್ದ ಹಿಡಿದು ಎಡಕ್ಕೆ ತಿರುಗಿಸಿದರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪಾಸ್‌ಪೋರ್ಟ್ ಫೋಟೋಗೆ ಕೂತ ಅಜ್ಜನಿಂದ ಹಿಡಿದು ಮದುಮಗಳವರೆಗೆ ಎಲ್ಲರ ಗದ್ದವನ್ನೂ ಹಾಗೆ ತಿರುಗಿಸಿದ ಕೈ ಅದು. ಆದರೆ ನನ್ನ ಕುತ್ತಿಗೆ ಗೂಟದ ಹಾಗೆ ನಿಂತುಬಿಟ್ಟಿತು. ಆ ದಿನದ ಮೊದಲ 20 ಫೋಟೋಗಳಲ್ಲಿ ಸೀರೆ ಚೆನ್ನಾಗಿದೆ. ನಾನು ಹಲ್ಲು ಕೀಳಿಸಿಕೊಳ್ಳಲು ಕೂತವಳ ಹಾಗಿದ್ದೇನೆ.

ಎರಡು ವರ್ಷ ಕಳೆದ ಮೇಲೆ ಮೊದಲ ಬಾರಿ ಒಬ್ಬ ಹೆಣ್ಣುಮಗಳ ಕ್ಯಾಮೆರಾ ಮುಂದೆ ನಿಂತೆ. ಆಕೆ ನಗಿ ಅನ್ನಲಿಲ್ಲ. ಕ್ಯಾಮೆರಾ ಇಳಿಸಿ, "ಸೊಂಟದ ಹತ್ತಿರ ಪಿನ್ ಚುಚ್ಚುತ್ತಿದೆಯಾ?" ಅಂದರು. ಹೌದು, ಚುಚ್ಚುತ್ತಿತ್ತು! "ನಿಮಗೆ ಹೇಗೆ ಗೊತ್ತಾಯ್ತು?" ಅಂದೆ. "ಹುಬ್ಬು ಹೇಳ್ತಿದೆ" ಅಂದರು.

ಸೀರೆ ಶೂಟ್‌ನಲ್ಲಿ ನಿಮಗೆ ಕಾಣುವುದು ಮುಂಭಾಗ ಮಾತ್ರ. ಬೆನ್ನ ಕಡೆ ಬಂದು ನೋಡಿದರೆ ನಗು ಬರುತ್ತದೆ. ಅಳತೆಗೆ ಸರಿಯಿಲ್ಲದ ಬ್ಲೌಸನ್ನು ಹಿಂದಿನಿಂದ ಎಳೆದು ಬಟ್ಟೆ ಒಣಹಾಕುವ ಕ್ಲಿಪ್ ಹಾಕಿರುತ್ತಾರೆ. ನೆರಿಗೆ ಬೀಳದಿರಲಿ ಅಂತ ಏಳೆಂಟು ಸೇಫ್ಟಿ ಪಿನ್. ಇಷ್ಟೆಲ್ಲ ಹೊತ್ತುಕೊಂಡು ಲೈಟ್‌ನ ಶಾಖದಲ್ಲಿ ಮದುವೆಮನೆಯ ನಗು ನಗಬೇಕು. ಇದನ್ನು ಮೈಮೇಲೆ ಅನುಭವಿಸಿದವರಿಗೆ ಕೆಲವು ಮಾತು ಹೇಳಬೇಕಾಗಿಯೇ ಇಲ್ಲ. ಸೀರೆ ಬದಲಿಸುವಾಗ ಹೊರಗಿನಿಂದ "ಆಯ್ತಾ? ಆಯ್ತಾ?" ಅಂತ ಅವರು ಕೂಗುವುದಿಲ್ಲ. ತಿಂಗಳ ಆ ಮೂರು ದಿನ ಬಂದರೆ, ಕೇಳದೆಯೇ ಒಂದು ಕುರ್ಚಿ ಬರುತ್ತದೆ.

ಹಾಗಾದರೆ ಹೆಂಗಸರಿಗೆ ಸೀರೆ ಗೊತ್ತು, ಗಂಡಸರಿಗೆ ಗೊತ್ತಿಲ್ಲ ಅಂತ ಬರೆದುಕೊಳ್ಳಬೇಡಿ. ಒಮ್ಮೆ ಇಳಕಲ್ ಸೀರೆಗಳ ಶೂಟ್ ಇತ್ತು. ಆ ಸೀರೆಯ ಜೀವ ಇರುವುದೇ ಸೆರಗಿನಲ್ಲಿ. ಕೆಂಪು ಸೆರಗಿನ ಮೇಲೆ ಬಿಳಿ ಗೋಪುರಗಳ ಸಾಲು. ಕ್ಯಾಮೆರಾ ಹಿಡಿದಿದ್ದ ಹುಡುಗ ಬಾಗಲಕೋಟೆ ಕಡೆಯವನು, ನೇಕಾರರ ಮನೆಯವನು. ಸೆರಗು ಮಡಚಿ ಹೆಗಲಿಗೆ ಪಿನ್ ಮಾಡಿದ್ದನ್ನು ನೋಡಿ ಕ್ಯಾಮೆರಾ ಕೆಳಗಿಟ್ಟುಬಿಟ್ಟ. "ಅಕ್ಕಾರ, ಸೆರಗ ಬಿಡ್ರಿ. ನಮ್ಮವ್ವ ನೋಡಿದ್ರ ಬೈತಾಳ್ರಿ" ಅಂದ. ಅದೇ ತಿಂಗಳು ಇನ್ನೊಂದು ಕಡೆ, ಹುಟ್ಟಿದಾಗಿನಿಂದ ಜೀನ್ಸ್‌ನಲ್ಲೇ ಬೆಳೆದ ಹುಡುಗಿಯೊಬ್ಬಳು ಅರ್ಧ ದಿನ ಫೋಟೋ ತೆಗೆದಳು. ಲೈಟ್ ಎಷ್ಟು ಚಂದ ಹಾಕಿದ್ದಳೆಂದರೆ! ಆದರೆ ಒಂದು ಫೋಟೋದಲ್ಲೂ ಅಂಚು ಪೂರ್ತಿ ಬಂದಿರಲಿಲ್ಲ. ಅಂಗಡಿಯವರು ಎಲ್ಲವನ್ನೂ ಮತ್ತೆ ತೆಗೆಸಿದರು.

ನಿಜ ಹೇಳಬೇಕೆಂದರೆ, ಗಂಡು ಹೆಣ್ಣಿನ ಯೋಚನೆ ಬಿಟ್ಟು ನಾನು ಮೊದಲು ನೋಡುವುದು ಲೆನ್ಸ್. 85 ಎಂ.ಎಂ. ಲೆನ್ಸ್‌ನಲ್ಲಿ ತಲೆಯಿಂದ ಪಾದದವರೆಗೆ ತೆಗೆಯಬೇಕೆಂದರೆ ಫೋಟೋಗ್ರಾಫರ್ ಸುಮಾರು 15 ಅಡಿ ದೂರ ನಿಲ್ಲಬೇಕು. ಆಗ ಎಲ್ಲವೂ ಮಾತಿನಲ್ಲೇ ಆಗಬೇಕು. ಗದ್ದ ಇಳಿಸಿ, ಎಡ ಭುಜ ಮುಂದೆ, ಉಸಿರು ಬಿಡಿ. ಚಿಕ್ಕ ಕೋಣೆಯಲ್ಲಿ 35 ಎಂ.ಎಂ. ಹಾಕಿದರೆ ಆರೇಳು ಅಡಿಯಲ್ಲೇ ಕೆಲಸ ಮುಗಿಯುತ್ತದೆ. ಹತ್ತಿರ ಇದ್ದಾಗ ಕೈ ತಾನಾಗಿಯೇ ಮುಂದೆ ಬರುತ್ತದೆ. ಬಾಯಲ್ಲಿ ಹೇಳುವುದಕ್ಕಿಂತ ಸೆರಗು ಎಳೆದು ಸರಿಮಾಡುವುದು ಸುಲಭ ಅನಿಸುತ್ತದೆ.

ಎತ್ತರವೂ ಒಂದು ವಿಷಯ. ಇದನ್ನು ಯಾರೂ ಹೇಳುವುದಿಲ್ಲ. ನಿಂತ ಸೀರೆಯ ಫೋಟೋಗೆ ಕ್ಯಾಮೆರಾ ಸೊಂಟದ ಮಟ್ಟದಲ್ಲಿದ್ದರೆ ಚೆನ್ನ. ಆರಡಿ ಗಂಡಸು ಬಗ್ಗದೆ ನಿಂತು ತೆಗೆದರೆ ನಾನು ಕುಳ್ಳಿಯಾಗುತ್ತೇನೆ, ನೆರಿಗೆ ಮೊಟಕಾಗುತ್ತದೆ. ಐದಡಿಯ ಹೆಣ್ಣುಮಗಳು ಸುಮ್ನೆ ಸ್ವಲ್ಪ ಮಂಡಿ ಬಗ್ಗಿಸಿದರೆ ಸಾಕು. ಮುಖದ ಫೋಟೋಗೆ ಮಾತ್ರ ಆಕೆಗೆ ಸ್ಟೂಲ್ ಬೇಕು. ಆ ಸ್ಟೂಲ್ ತರಲು ಹೇಳಿದರೆ ಲೈಟ್ ಹುಡುಗರು ಒಳಗೊಳಗೇ ನಗುತ್ತಾರೆ. ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡ ಆರಡಿಯವರನ್ನು ನೋಡಿ ಯಾರೂ ನಗುವುದಿಲ್ಲ.

ಈಗ ಸ್ವಲ್ಪ ಕಹಿ ಮಾತು. ಒಂದು ಸ್ಟುಡಿಯೋದಲ್ಲಿ ಬಟ್ಟೆ ಬದಲಿಸಲು ಇದ್ದದ್ದು ಮೂಲೆಯಲ್ಲಿ ಒಂದು ಪರದೆ ಮಾತ್ರ. ಅಲ್ಲಿನ ಫೋಟೋಗ್ರಾಫರ್, ಗಂಡಸು, ಹೊತ್ತಾಯಿತು ಅಂತ ಹೇಳಲು ಎರಡು ಸಲ ಪರದೆ ಸರಿಸಿಯೇ ಹೇಳಿದ. ಎರಡನೆಯ ಸಲ ನಾನು ಸೀರೆ ಮಡಚಿಟ್ಟು ಮನೆಗೆ ಬಂದೆ. ದುಡ್ಡೂ ಬರಲಿಲ್ಲ. ಆಗ ನನಗೆ ಕಾನೂನು ಗೊತ್ತಿರಲಿಲ್ಲ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳದ ಬಗ್ಗೆ 2013ರಲ್ಲಿ ಕಾಯ್ದೆ ಬಂದಿದೆ. ನಮ್ಮಂಥ ದಿನಗೂಲಿಯ ಮಾಡೆಲ್‌ಗಳಿಗೂ ಅದು ಅನ್ವಯಿಸುತ್ತದೆ. ಹತ್ತು ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಬರೆದುಕೊಡಬೇಕು, ಮೂರು ತಿಂಗಳೊಳಗೆ. ನನಗೆ ಗೊತ್ತಾಗುವ ಹೊತ್ತಿಗೆ ವರ್ಷ ಕಳೆದಿತ್ತು. ನಮ್ಮ ಹೆಚ್ಚಿನ ಸ್ಟುಡಿಯೋಗಳಲ್ಲಿ ಇರುವವರು ನಾಲ್ಕೈದು ಜನ. ಅದಕ್ಕೇ ಈ ಮಾತನ್ನು ರೇಡಿಯೋದಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಹೊರದೇಶದಲ್ಲೂ ದೊಡ್ಡ ಫ್ಯಾಷನ್ ಪತ್ರಿಕೆಗಳ ಕಂಪನಿಯೊಂದು 2018ರಲ್ಲಿ ನಿಯಮ ಮಾಡಿತು. ಮಾಡೆಲ್‌ಗೆ 18 ತುಂಬಿರಬೇಕು, ಶೂಟ್ ಜಾಗದಲ್ಲಿ ಮದ್ಯ ಇರಕೂಡದು, ಮೈ ಕಾಣುವ ಬಟ್ಟೆಯಾದರೆ ಮೊದಲೇ ಒಪ್ಪಿಗೆ ಪಡೆಯಬೇಕು. ಆ ಹೊತ್ತಿನಲ್ಲಿ ದೂರು ಹೇಳಿದವರಲ್ಲಿ ಗಂಡು ಮಾಡೆಲ್‌ಗಳೂ ಇದ್ದರು. ಇದನ್ನು ಹೇಳಿದರೆ ನಮ್ಮ ನೆಂಟರಿಗೆ ನಂಬಿಕೆಯೇ ಬರುವುದಿಲ್ಲ.

ಹೆಂಗಸರೂ ತಪ್ಪು ಮಾಡುತ್ತಾರೆ, ಅದು ಬೇರೆ ಥರ. ಗಂಡಸರಲ್ಲಿ ಒಳ್ಳೆಯವರು ಮುಟ್ಟುವ ಮೊದಲು ಕೇಳುತ್ತಾರೆ, ಇಲ್ಲವೇ ಸೀರೆ ಉಡಿಸುವ ಅಕ್ಕನನ್ನು ಕರೆದು ಹೇಳುತ್ತಾರೆ. ಕೆಲವು ಹೆಂಗಸರು ಕೇಳುವುದೇ ಇಲ್ಲ. ನೇರ ಬಂದು ಸೊಂಟ ಹಿಡಿದು ತಿರುಗಿಸುತ್ತಾರೆ. ಮೈ ಹಿಂದೆಗೆದರೆ, "ಅಯ್ಯೋ, ನಾನೂ ಹೆಂಗಸೇ ಅಲ್ವಾ?" ಅನ್ನುತ್ತಾರೆ. ಆಮೇಲೆ ಹೊಟ್ಟೆ. ಗಂಡಸರು ಫೋಟೋ ತೆಗೆದು ಕಂಪ್ಯೂಟರ್‌ನಲ್ಲಿ ಹೊಟ್ಟೆ ಸಣ್ಣ ಮಾಡುತ್ತಾರೆ, ನಮಗೆ ಗೊತ್ತೇ ಆಗುವುದಿಲ್ಲ. ಹೆಂಗಸೊಬ್ಬರು ಎಲ್ಲರೆದುರು, "ನಿನ್ನೆ ಹೋಳಿಗೆ ಜಾಸ್ತಿ ಆಯ್ತಾ?" ಅಂದರು. ಆಗಿತ್ತು, ನಿಜ. ಆದರೂ.

ಒಂದು ಮಾತು ಮಾತ್ರ ತಡವಾಗಿ ಅರ್ಥವಾಯಿತು. ಹೆಣ್ಣು ಫೋಟೋಗ್ರಾಫರ್‌ಗಳು ಸಿಡುಕಿನವರು ಅಂತ ನಾನೂ ಅಂದುಕೊಂಡಿದ್ದೆ. ತಮಾಷೆ ಇಲ್ಲ, ಟೀ ಬ್ರೇಕ್ ಗಡಿಯಾರ ನೋಡಿ. ಒಂದು ಬೆಳಗ್ಗೆ ಅಂಗಡಿ ಮಾಲೀಕರು ಬಂದರು. ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ನಿಂತಿದ್ದ ಆಕೆಯನ್ನೇ, "ಏನಮ್ಮಾ, ಫೋಟೋಗ್ರಾಫರ್ ಇನ್ನೂ ಬಂದಿಲ್ವಾ?" ಅಂತ ಕೇಳಿದರು. ಆಕೆ ಲೈಟ್ ಹಿಂದಕ್ಕೆ ಇಡಿ ಅಂದರೆ, ಹುಡುಗರು ಆಕೆಯ ಗಂಡು ಅಸಿಸ್ಟೆಂಟ್ ಮುಖ ನೋಡಿ, ಅವನು ತಲೆಯಾಡಿಸಿದ ಮೇಲೆ ಇಡುತ್ತಿದ್ದರು. ಪ್ರತಿ ಮಾತನ್ನೂ ಎರಡು ಸಲ ಹೇಳಬೇಕಾದವರು ತಮಾಷೆ ಎಲ್ಲಿಂದ ಮಾಡುತ್ತಾರೆ?

ಹೋಮಾಯಿ ವ್ಯಾರಾವಾಲಾ ಅವರ ಹೆಸರು ಕೇಳಿದ್ದೀರಾ? 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದವರು. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಸೀರೆ ಉಟ್ಟು, ಭಾರದ ಕ್ಯಾಮೆರಾ ಹೊತ್ತು ದೆಹಲಿಯಲ್ಲಿ ಓಡಾಡಿ, ಸ್ವಾತಂತ್ರ್ಯ ಬಂದ ಹೊತ್ತಿನ ದೊಡ್ಡ ದೊಡ್ಡ ಗಳಿಗೆಗಳನ್ನು ಹಿಡಿದವರು. ಆದರೆ ಶುರುವಿನಲ್ಲಿ ಅವರ ಫೋಟೋಗಳು ಅಚ್ಚಾಗಿದ್ದು ಗಂಡ ಮಾಣೆಕ್‌ಷಾ ಅವರ ಹೆಸರಿನಲ್ಲಿ. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. ಆಗ ಅವರಿಗೆ 97 ವರ್ಷ.

ಈ ವಿಷಯ ಓದಿದ ವಾರ ನಾನು ದಾವಣಗೆರೆಗೆ, ಅಮ್ಮನ ಮನೆಗೆ ಹೋಗಿದ್ದೆ. ಅಮ್ಮನದೊಂದು ಕಪ್ಪುಬಿಳುಪು ಫೋಟೋ ಇದೆ. ಗಂಡಿನ ಕಡೆಯವರಿಗೆ ಕಳಿಸಲು ತೆಗೆಸಿದ್ದು. ತುಂಬಾ ಚಂದದ ಫೋಟೋ. ಕುತ್ತಿಗೆ ಗೂಟದ ಹಾಗಿಲ್ಲ. ಕೇಳಿಯೇಬಿಟ್ಟೆ. "ಅಮ್ಮಾ, ಅವತ್ತು ಆ ಫೋಟೋದವರು ನಿನ್ನ ಗದ್ದ ಮುಟ್ಟಿ ತಿರುಗಿಸಿದರಾ?"

"ಅವರೆಲ್ಲಿ ಮುಟ್ಟಿದ್ರು? ನಿಮ್ಮಜ್ಜ ಬಾಗಿಲಲ್ಲೇ ನಿಂತಿದ್ರಲ್ಲ" ಅಂದರು ಅಮ್ಮ. "ಫೋಟೋದವರ ಹೆಂಡತಿ ಒಳಗಿಂದ ಬಂದ್ರು. ನೀರು ಕುಡಿಸಿದ್ರು, ಸೆರಗು ಸರಿ ಮಾಡಿದ್ರು, ಹೀಗೆ ನೋಡು ಅಂದ್ರು. ಲೈಟೂ ಆಕೆಯೇ ಜರುಗಿಸಿದ್ದು. ಅವರು ಬಂದು ಗುಂಡಿ ಒತ್ತಿದ್ರು, ಅಷ್ಟೇ."

ಫೋಟೋ ತಿರುಗಿಸಿ ನೋಡಿದೆ. ಹಿಂದೆ ನೇರಳೆ ಶಾಯಿಯ ಮೊಹರು ಇನ್ನೂ ಮಾಸಿಲ್ಲ. ಅದರಲ್ಲಿ ಯಜಮಾನರ ಹೆಸರು ಒಂದೇ ಇದೆ. ಆಕೆಯ ಹೆಸರೇನು ಅಂತ ಅಮ್ಮನನ್ನು ಕೇಳಿದೆ. ಅಮ್ಮ ತುಂಬಾ ಹೊತ್ತು ಯೋಚನೆ ಮಾಡಿದರು.

"ಸ್ಟುಡಿಯೋ ಅಕ್ಕ ಅಂತಿದ್ವಿ" ಅಂದರು.