ಮೊದಲು ವ್ಯಾಟ್ ಕೇಳಿ

ಕೇಳುಗರಿಗೆಲ್ಲ ನಮಸ್ಕಾರ.

ನಾನೀಗ ಕೂತಿರುವ ಸ್ಟುಡಿಯೋದಲ್ಲಿ ಒಂದು ಮೇಜು, ಒಂದು ಮೈಕು, ಒಂದು ಲೋಟ ನೀರು ಇದೆ. ಕಂಪ್ಯೂಟರ್ ಮಾತ್ರ ಗಾಜಿನ ಆಚೆ ಇದೆ. ಒಳಗಿಟ್ಟರೆ ಅದರ ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆ. ನಿಮ್ಮ ಮನೆ ಹಾಲ್‌ನಲ್ಲಿ ಇಂಥ ಗಾಜಿನ ಗೋಡೆ ಇರುವುದಿಲ್ಲ, ಅಲ್ವಾ? ಟಿವಿ ಪಕ್ಕದಲ್ಲೇ ಒಂದು ಕಂಪ್ಯೂಟರ್ ಇಟ್ಟು ಸಿನಿಮಾ, ಹಾಡು, ಮಗಳ ಮದುವೆ ವಿಡಿಯೋ ಎಲ್ಲ ಅದರಲ್ಲೇ ನೋಡಬೇಕು ಅನ್ನುವವರಿಗೆ ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ಅಂಗಡಿಗೆ ಹೋದಾಗ ಮೊದಲು ವ್ಯಾಟ್ ಕೇಳಿ, ತೆರಿಗೆಯ ವ್ಯಾಟ್ ಅಲ್ಲ, ಪೆಟ್ಟಿಗೆ ಎಷ್ಟು ಕರೆಂಟ್ ತಿನ್ನುತ್ತದೆ ಅನ್ನುವ ವ್ಯಾಟ್. ಬೆಲೆ ಆಮೇಲೆ.

ಕಂಪ್ಯೂಟರ್ ಒಳಗೆ ಹೋದ ಕರೆಂಟೆಲ್ಲ ಕೊನೆಗೆ ಬಿಸಿಯಾಗುತ್ತದೆ. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್, ಅದರ ವಿವರದಲ್ಲಿ 65 ವ್ಯಾಟ್ ಅಂತ ಬರೆದಿರುತ್ತಾರೆ. ಅಷ್ಟು ಬಿಸಿಯನ್ನು ಆಚೆ ತಳ್ಳಲು ಸಾಮಾನ್ಯವಾಗಿ ಫ್ಯಾನ್ ಓಡಬೇಕು. ಇಂಟೆಲ್‌ನವರ ಎನ್100 ಅಂತ ಒಂದು ಚಿಪ್ ಇದೆ, 2023ರಲ್ಲಿ ಬಂದದ್ದು. ಅದರ ಲೆಕ್ಕ 6 ವ್ಯಾಟ್. ಮೇಲೊಂದು ಬಿಸಿ ಹೀರುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಕೂರಿಸಿದರೆ ಸಾಕು. ‘ಇಷ್ಟು ಬಡಪಾಯಿ ಚಿಪ್ಪಿನಲ್ಲಿ ಸಿನಿಮಾ ಓಡುತ್ತಾ?’ ಅಂತ ಮೂಗು ಮುರಿಯಬೇಡಿ. ಕುಗ್ಗಿಸಿಟ್ಟ ವಿಡಿಯೋ ಬಿಚ್ಚಿ ತೋರಿಸುವ ಕೆಲಸಕ್ಕೆ ಅದರೊಳಗೆ ಬೇರೆಯೇ ಸರ್ಕ್ಯೂಟ್ ಇದೆ. 4ಕೆ ಸಿನಿಮಾ ಓಡುವಾಗಲೂ ಉಳಿದ ಚಿಪ್ ತೂಕಡಿಸುತ್ತಾ ಇರುತ್ತದೆ.

ಇದೆಲ್ಲ ನನಗೆ ಗೊತ್ತಾದದ್ದು ಮೈಸೂರಿನ ನಮ್ಮ ಮನೆಯಲ್ಲಿ. ಅಪ್ಪನಿಗೆ ಸಂಗೀತದ ಹುಚ್ಚು. ರಿಟೈರ್ ಆದ ಮೇಲೆ ಕಚೇರಿಗಳ ರೆಕಾರ್ಡಿಂಗ್ ಕೇಳಲಿ ಅಂತ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್ ಹೊತ್ತು ತಂದೆ. ವ್ಯಾಟ್ ಕೇಳಿರಲಿಲ್ಲ. ಅಗ್ಗ ಅಂತ ತಂದೆ. ಮೊದಲ ದಿನವೇ ವೀಣೆಯ ಆಲಾಪನೆ. ವೈಣಿಕರು ಒಂದು ಸ್ವರ ಮೀಟಿ ಬಿಟ್ಟಿದ್ದಾರೆ, ಅದು ಸಣ್ಣಗಾಗುತ್ತಾ ಹೋಗಬೇಕು. ಅಷ್ಟರಲ್ಲಿ ಟಿವಿ ಕೆಳಗಿಂದ ‘ಗುಯ್‌ಯ್’ ಅಂತ ಶುರು! ಅಪ್ಪ ಅಡುಗೆಮನೆ ಕಡೆ ತಿರುಗಿ, ‘ಲೇ, ಆ ಮಿಕ್ಸಿ ಒಂಚೂರು ನಿಲ್ಸೆ’ ಅಂದರು. ಅಮ್ಮ ನಮ್ಮ ಜೊತೆಯಲ್ಲೇ ಸೋಫಾ ಮೇಲೆ ಕೂತಿದ್ದರು.

ಅವಮಾನ ತಡೆಯಲಾರದೆ ಹೊಸದು ಕಟ್ಟಿದೆ. ಎನ್100 ಬೋರ್ಡು, ತಿರುಗದ ಡಿಸ್ಕ್ ಅಂದರೆ ಎಸ್‌ಎಸ್‌ಡಿ, ಕರೆಂಟ್ ಒದಗಿಸಲು ಫ್ಯಾನ್ ಇರುವ ಎಸ್‌ಎಂಪಿಎಸ್ ಬದಲು ಲ್ಯಾಪ್‌ಟಾಪ್ ಥರದ 19 ವೋಲ್ಟ್ ಅಡಾಪ್ಟರ್. ತಿರುಗುವ ವಸ್ತು ಒಂದೂ ಇಲ್ಲ. ಆನ್ ಆಗಿದೆಯೋ ಇಲ್ಲವೋ ಅಂತ ತಿಳಿಯಲು ಲೈಟ್ ನೋಡಬೇಕು. ಅಪ್ಪ ಖುಷಿ, ನಾನು ಬೀಗುತ್ತಾ ಬೆಂಗಳೂರಿಗೆ ವಾಪಸ್.

ಹದಿನೈದು ದಿನಕ್ಕೆ ಫೋನ್ ಬಂತು. ಚಿತ್ರ ತಡವರಿಸುತ್ತಿದೆಯಂತೆ. ನಾನು ಸಾಫ್ಟ್‌ವೇರ್ ದೋಷ ಅಂದೆ. ಫೋನಿನಲ್ಲೇ ಅಪ್ಪನಿಗೆ ಅದು ಒತ್ತಿ, ಇದು ಒತ್ತಿ ಅಂತ ಹೇಳಿ ಒಂದು ಭಾನುವಾರ ಕಳೆದೆ. ಮುಂದಿನ ಭಾನುವಾರ ಬಸ್ ಹತ್ತಿ ಹೋದೆ. ಹೋಗಿ ನೋಡಿದರೆ ಕಂಪ್ಯೂಟರ್ ಕಾಣಿಸುತ್ತಲೇ ಇಲ್ಲ! ಅದರ ಮೇಲೆ ಅಮ್ಮನೇ ಹೆಣೆದ ಬಿಳಿ ಕ್ರೋಶಾ ಕವರ್. ಕವರ್ ಮೇಲೆ ಚನ್ನಪಟ್ಟಣದ ಎರಡು ಗೊಂಬೆ. ‘ಧೂಳು ಕೂರುತ್ತೆ ಕಣೋ, ಅಷ್ಟು ದುಡ್ಡು ಕೊಟ್ಟು ತಂದಿದೀಯ’ ಅಂದರು. ಕವರ್ ಎತ್ತಿ ಮುಟ್ಟಿದೆ. ದೋಸೆ ಹಂಚು. ನೂರು ಡಿಗ್ರಿ ಹತ್ತಿರ ಬಂದರೆ ಪ್ರೊಸೆಸರ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಚಿತ್ರ ತಡವರಿಸಿದ್ದು ಅದಕ್ಕೆ. ಆ ಕವರ್ ಈಗ ನಿಜವಾದ ಮಿಕ್ಸಿ ಮೇಲಿದೆ.

ಅವತ್ತೇ ಕ್ಯಾಬಿನೆಟ್ಟಿಗೆ ಒಂದು 120 ಮಿಲಿಮೀಟರ್ ಫ್ಯಾನ್ ಹಾಕಿದೆ, ನಿಮಿಷಕ್ಕೆ 600 ಸುತ್ತು ಮಾತ್ರ. ‘ಫ್ಯಾನ್ ಬೇಡ ಅಂದವನೇ ಹಾಕಿದೆಯಾ?’ ಅಂತ ಕೇಳಬಹುದು. ನಮ್ಮ ಸೀಲಿಂಗ್ ಫ್ಯಾನ್ ನೋಡಿ. ರೆಕ್ಕೆ ದೊಡ್ಡದು, ಓಟ ನಿಧಾನ, ರಾತ್ರಿಯೆಲ್ಲ ಕೆಳಗೇ ಮಲಗುತ್ತೇವೆ. ಅಂಗೈಗಿಂತ ಚಿಕ್ಕ ಫ್ಯಾನ್ ಅಷ್ಟೇ ಗಾಳಿ ಕೊಡಬೇಕಾದರೆ ಸಾವಿರಗಟ್ಟಲೆ ಸುತ್ತು ತಿರುಗಿ ಕೀರಲು ದನಿ ತೆಗೆಯುತ್ತದೆ. ಒಂದೇ ಫ್ಯಾನಿನ ವೇಗವನ್ನು ಅರ್ಧ ಮಾಡಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಕಿವಿಗೆ ಅದು ಅರ್ಧಕ್ಕಿಂತಲೂ ಕಡಿಮೆ. ಆದರೆ ಒಂದೇ ಫ್ಯಾನ್ ನಿಧಾನಕ್ಕೆ ತಿರುಗಿದರೂ ನಡೆಯುವುದು ಒಳಗೆ 6 ವ್ಯಾಟ್ ಚಿಪ್ ಇದ್ದಾಗ. ಮತ್ತೆ ಅಲ್ಲಿಗೇ ಬಂದೆ, ನೋಡಿ. ಮೊದಲು ವ್ಯಾಟ್ ಕೇಳಿ.

ಅಂಗಡಿಯವರು ‘ಸರ್, ಏಳು ಫ್ಯಾನ್ ಬರುತ್ತೆ, ಬಣ್ಣಬಣ್ಣದ ಲೈಟ್ ಬರುತ್ತೆ’ ಅಂತ ಗೇಮಿಂಗ್ ಕ್ಯಾಬಿನೆಟ್ ತೋರಿಸುತ್ತಾರೆ. ನಗುತ್ತಲೇ ಬೇಡ ಅನ್ನಿ. ದೀಪಾವಳಿಗೆ ಸರ ಬಲ್ಬ್ ಬೇರೆ ಸಿಗುತ್ತದೆ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಕರೆಂಟ್ ಬಿಲ್ ವಿಷಯ ಜಾಸ್ತಿ ಹೇಳಬೇಕೆಂದಿದ್ದೆ. ಚಿಪ್ಪು, ಉಳಿದದ್ದು ಎಲ್ಲ ಸೇರಿ 12 ವ್ಯಾಟ್ ತಿನ್ನುವ ಪೆಟ್ಟಿಗೆ ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ ಎರಡು ಯೂನಿಟ್ ಕೂಡ ಆಗುವುದಿಲ್ಲ. 70 ವ್ಯಾಟಿನದಾದರೆ ಹತ್ತೂವರೆ. ಸಾಫ್ಟ್‌ವೇರ್‌ಗೆ ಸಿನಿಮಾ, ಹಾಡು ಓಡಿಸುವ ಕೋಡಿ ಹಾಕಿಕೊಳ್ಳಿ, ಉಚಿತ. ಟಿವಿ ಸ್ಟ್ಯಾಂಡಿನ ಬಾಗಿಲು ತೆಗೆದಿಡಿ, ಪೆಟ್ಟಿಗೆಯ ಕೆಳಗೂ ಮೇಲೂ ಗಾಳಿಗೆ ದಾರಿ ಇರಲಿ. ಸಿನಿಮಾ ತುಂಬಿಸಿಟ್ಟ ದೊಡ್ಡ ಹಾರ್ಡ್ ಡಿಸ್ಕ್ ಇದ್ದರೆ ಅದು ಗುರುಗುಟ್ಟುತ್ತದೆ. ಅದನ್ನು ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆಗೆ ಹಾಕಿ ರೂಟರ್ ಇರುವ ಕೋಣೆಗೆ ಸಾಗಿಸಿ, ಅಲ್ಲಿಂದ ಒಂದು ನೆಟ್‌ವರ್ಕ್ ವೈರ್ ಎಳೆಯಿರಿ. ಈ ಸ್ಟುಡಿಯೋದವರು ಮಾಡಿರುವುದೂ ಅದನ್ನೇ.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.